ಮಣ್ಣಿನ ಗೋಡೆಗೆ ಮೇಲಿನ ನೋಟ ಸಾಲದು

ಡ್ರೋನ್ ಹಾರಿಸಿ, ಮೇಲಿಂದ ನೇರವಾಗಿ ಫೋಟೊ ತೆಗೆದು, ಸಾಫ್ಟ್‌ವೇರ್‌ಗೆ ಹಾಕಿದರೆ ನಕ್ಷೆ ಸಿದ್ಧ ಅಂತ ಎಷ್ಟೋ ಜನ ತಿಳಿದಿದ್ದಾರೆ. ಹೊಲದ ಸರ್ವೆಗೆ ಬಹುಪಾಲು ಅಷ್ಟು ಸಾಕು. ಪೆರುವಿನ ಟಾಂಬೊ ಕೊಲೊರಾಡೊಗೆ ಮಾತ್ರ ಸಾಲದು.

ಇದು ಕರಾವಳಿ ಮರುಭೂಮಿಯ ಪಿಸ್ಕೊ ಕಣಿವೆಯಲ್ಲಿದೆ. 15ನೇ ಶತಮಾನದಲ್ಲಿ ಇಂಕಾಗಳು ಕಟ್ಟಿದ ಆಡಳಿತ ಕೇಂದ್ರ. ತಮ್ಮ ರಾಜಧಾನಿ ಕುಸ್ಕೊದಲ್ಲಿ ಕಲ್ಲು ಕೆತ್ತಿ ಕಟ್ಟಿದವರು ಇಲ್ಲಿ ಸುಡದ ಮಣ್ಣಿನ ಇಟ್ಟಿಗೆ ಬಳಸಿದರು. ಗೋಡೆಗಳಲ್ಲಿ ಮೇಲಕ್ಕೆ ಹೋದಂತೆ ಕಿರಿದಾಗುವ ಗೂಡುಗಳಿವೆ. ಕೆಂಪು, ಹಳದಿ, ಬಿಳಿ ಬಣ್ಣ ಇವತ್ತಿಗೂ ಕಾಣುತ್ತದೆ. ಅಲ್ಲಿ ಮಳೆ ತೀರಾ ಕಡಿಮೆ, ಅದಕ್ಕೇ ಉಳಿದಿದೆ. ಇಂಥ ಕಡೆ ಮುಖ್ಯವಾಗಿ ದಾಖಲಾಗಬೇಕಾದ್ದು ಗೋಡೆಯ ಮೈ, ಅಲ್ವಾ? ನೇರ ಮೇಲಿನ ಫೋಟೊದಲ್ಲಿ ಗೋಡೆ ಬರೀ ಒಂದು ಗೆರೆ.

ಹಾಗಾಗಿ ಕ್ಯಾಮೆರಾವನ್ನು ಸುಮಾರು 45 ಡಿಗ್ರಿ ಓರೆ ಮಾಡಿ, ನಾಲ್ಕೂ ದಿಕ್ಕಿನಿಂದ ಮತ್ತೆ ಹಾರಿಸಬೇಕು. ಇದರಿಂದ ಇನ್ನೊಂದು ಲಾಭವಿದೆ. ಬರೀ ನೇರ ಫೋಟೊಗಳಿದ್ದರೆ ಲೆನ್ಸಿನ ದೋಷವನ್ನು ಸಾಫ್ಟ್‌ವೇರ್ ಸರಿಯಾಗಿ ಹಿಡಿಯುವುದಿಲ್ಲ. ಆಗ ಸಮತಟ್ಟಾದ ಬಯಲೂ ಬೋಗುಣಿಯಂತೆ ಬಾಗಿ ಕಾಣುತ್ತದೆ. ಓರೆ ಫೋಟೊಗಳು ಸೇರಿದರೆ ಈ ಬಾಗು ಬಹಳ ಕಡಿಮೆಯಾಗುತ್ತದೆ. ಮರಳು ಎಲ್ಲ ಕಡೆ ಒಂದೇ ಥರ ಕಾಣುವುದರಿಂದ, ಒಂದು ಫೋಟೊದ 80% ಭಾಗ ಮುಂದಿನದರಲ್ಲೂ ಬರುವಂತೆ ನೋಡಿಕೊಳ್ಳಬೇಕು.

ನೆಲದ ಗುರುತುಗಳಿಲ್ಲದೆ ಇದೆಲ್ಲ ಚಂದದ ಚಿತ್ರ ಅಷ್ಟೇ. ಸಾಮಾನ್ಯ ಡ್ರೋನ್‌ನ ಜಿಪಿಎಸ್ ಕೆಲವು ಮೀಟರ್ ತಪ್ಪುತ್ತದೆ. ಕಪ್ಪು ಬಿಳುಪು ಹಲಗೆಗಳನ್ನು ನೆಲದ ಮೇಲಿಟ್ಟು, ಅವುಗಳ ಜಾಗವನ್ನು ಆರ್‌ಟಿಕೆ ಎಂಬ ಹೆಚ್ಚು ನಿಖರವಾದ ಜಿಪಿಎಸ್ ಉಪಕರಣದಿಂದ 2 ಸೆಂ.ಮೀ. ಆಸುಪಾಸಿಗೆ ಅಳೆಯಬೇಕು. ಅಲ್ಲಿ ನೆಲಕ್ಕೆ ಮೊಳೆ ಹೊಡೆಯಲೇಬಾರದು. ಹಲಗೆಯ ಮೇಲೆ ಭಾರ ಇಟ್ಟರೆ ಸಾಕು. ಕೆಲವು ಗುರುತುಗಳನ್ನು ಸಾಫ್ಟ್‌ವೇರ್‌ಗೆ ಕೊಡದೆ ಪರೀಕ್ಷೆಗೆ ಉಳಿಸಿಕೊಳ್ಳಿ. ನಿಮ್ಮ ನಕ್ಷೆ ಎಷ್ಟು ತಪ್ಪಿದೆ ಅಂತ ಅವೇ ಹೇಳುತ್ತವೆ.

ಹೊತ್ತಿನ ಆಯ್ಕೆಯೂ ಮುಖ್ಯ. ಮಧ್ಯಾಹ್ನದ ಮೇಲೆ ಆ ಕರಾವಳಿಯಲ್ಲಿ ಸಮುದ್ರದ ಗಾಳಿ ಜೋರು. ಬಣ್ಣ ಸರಿಯಾಗಿ ಬರಬೇಕಾದರೆ ತೆಳು ಮೋಡದ ಬೆಳಕು ಒಳ್ಳೆಯದು, ಗೂಡುಗಳೊಳಗೆ ಕಪ್ಪು ನೆರಳು ಕೂರುವುದಿಲ್ಲ. ಮರಳಿನಡಿ ಮುಚ್ಚಿದ ಗಿಡ್ಡ ಗೋಡೆಗಳನ್ನು ಹುಡುಕುವುದಾದರೆ ಬೆಳಗಿನ ಓರೆ ಬಿಸಿಲೇ ಬೇಕು.

ಇಷ್ಟು ನಿಖರತೆ ಯಾಕೆ? 2007ರ ಆಗಸ್ಟ್ 15ರಂದು ಪಿಸ್ಕೊ ಪ್ರದೇಶದಲ್ಲಿ 8.0 ತೀವ್ರತೆಯ ಭೂಕಂಪವಾಯಿತು. ಅಲ್ಲಿನ ಮಣ್ಣಿನ ಮನೆಗಳು ಸಾಲುಸಾಲಾಗಿ ಕುಸಿದವು. ಮತ್ತೆ ಹಾಗಾದರೆ ಯಾವ ಗೋಡೆ ಎಷ್ಟು ವಾಲಿದೆ ಅಂತ ಹೇಳಲು ಮೊದಲಿನ ಅಳತೆ ಕೈಯಲ್ಲಿರಬೇಕು. ಅದಕ್ಕೇ ಸರ್ವೆ ಮಾಡಿಸುವವರು ಬರೀ ನಕ್ಷೆ ಪಡೆದು ಸುಮ್ಮನಾಗಬಾರದು. ಮೂಲ ಫೋಟೊಗಳನ್ನೂ ಗುರುತುಗಳ ಅಳತೆಯನ್ನೂ ಕೇಳಿ ಪಡೆಯಿರಿ.