ಒಂದೇ ನಕ್ಷೆ, ಎರಡು ಗಿಯರ್‌ಬಾಕ್ಸ್

ಟೆಕ್ಸಾಸ್‌ನಲ್ಲಿರುವ ನನ್ನ ಚಿಕ್ಕಪ್ಪನ ಮಗ ಟೊಯೋಟಾ ಟಂಡ್ರಾ ಎಂಬ ದೊಡ್ಡ ಪಿಕಪ್ ಓಡಿಸುತ್ತಾನೆ. ಪಕ್ಕದ ಮನೆಯವರದ್ದು ಷೆವರ್ಲೆ ಸಿಲ್ವರಾಡೊ. "ನಿನ್ನದು ಫಾರಿನ್ ಗಾಡಿ" ಎಂದು ಅವರು ಆಗಾಗ ಛೇಡಿಸುತ್ತಿದ್ದರಂತೆ. ಒಂದು ಭಾನುವಾರ ಇಬ್ಬರೂ ಮುಂದಿನ ಗಾಜಿನ ಮೂಲೆಗೆ ಬಗ್ಗಿ ತಮ್ಮ ತಮ್ಮ ಗಾಡಿಯ ಚಾಸಿ ನಂಬರ್ ಓದಿದರು. ಅದರ ಮೊದಲ ಅಕ್ಷರವೋ ಅಂಕಿಯೋ ಗಾಡಿ ಯಾವ ದೇಶದಲ್ಲಿ ತಯಾರಾಯಿತು ಎಂದು ಹೇಳುತ್ತದೆ. ಜಪಾನಿಗೆ 'ಜೆ', ನಮ್ಮ ದೇಶಕ್ಕೆ 'ಎಂ', ಅಮೆರಿಕಕ್ಕೆ 1, 4 ಅಥವಾ 5, ಮೆಕ್ಸಿಕೊಗೆ 3. ಟಂಡ್ರಾದ ನಂಬರ್ ಶುರುವಾಗಿದ್ದು 5ರಿಂದ. ಅದು ಸ್ಯಾನ್ ಆಂಟೋನಿಯೊ ಕಾರ್ಖಾನೆಯ ಗಾಡಿ. ಸಿಲ್ವರಾಡೊದ್ದು 3. ಆ ಮಾದರಿ ಅಮೆರಿಕದಲ್ಲೂ ತಯಾರಾಗುತ್ತದೆ, ಮೆಕ್ಸಿಕೊದಲ್ಲೂ ತಯಾರಾಗುತ್ತದೆ. ಪಕ್ಕದವರ ಪಾಲಿಗೆ ಮೆಕ್ಸಿಕೊದ್ದು ಬಂದಿತ್ತು.

ನಮಗೆ ಪಿಕಪ್ ಅಂದ ಕೂಡಲೇ ನೆನಪಾಗುವುದು ಟೊಮೆಟೊ ಕ್ರೇಟ್ ಹೇರಿಕೊಂಡು ಮಾರುಕಟ್ಟೆಗೆ ಓಡುವ ಗಾಡಿ. ಅಮೆರಿಕದಲ್ಲಿ ಅದು ಮನೆಯ ಗಾಡಿ. ಮಕ್ಕಳನ್ನು ಶಾಲೆಗೆ ಬಿಡುವುದೂ ಅದರಲ್ಲೇ, ಹೆಮ್ಮೆ ಪಡುವುದೂ ಅದರ ಬಗ್ಗೆಯೇ. ಹಾಗಾಗಿ 'ಸ್ವದೇಶಿಯೋ ವಿದೇಶಿಯೋ' ಎಂಬ ಜಗಳ ಅಲ್ಲಿ ಕಾರಿಗಿಂತ ಪಿಕಪ್ ವಿಷಯದಲ್ಲಿ ಜಾಸ್ತಿ. ತಮಾಷೆ ಏನೆಂದರೆ, ಯಾರ ಗಾಡಿಯನ್ನು ಯಾರು ಮಾಡಿದ್ದು ಎಂಬ ಗೊಂದಲ ಅತಿ ಹೆಚ್ಚು ಇರುವುದೂ ಪಿಕಪ್‌ನಲ್ಲೇ.

1972ರಲ್ಲಿ ಅಮೆರಿಕದ ಫೋರ್ಡ್ ಶೋರೂಮಿನಲ್ಲಿ 'ಕೊರಿಯರ್' ಎಂಬ ಸಣ್ಣ ಪಿಕಪ್ ಮಾರಾಟಕ್ಕಿತ್ತು. ಮಾಡಿದ್ದು ಜಪಾನಿನ ಮಾಜ್ದಾ. ಅದೇ ವರ್ಷ ಷೆವರ್ಲೆ ಹೆಸರಲ್ಲಿ ಬಂದ 'ಲವ್' ಎಂಬ ಪಿಕಪ್ಪನ್ನು ಮಾಡಿದ್ದು ಇಸುಜು. ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಚಕ್ರ ತಿರುಗಿತು. 1994ರಿಂದ ಅಮೆರಿಕದಲ್ಲಿ ಮಾಜ್ದಾ ಹೆಸರಲ್ಲಿ ಮಾರಾಟವಾದ ಪಿಕಪ್ ನಿಜವಾಗಿ ಫೋರ್ಡ್ ರೇಂಜರ್. ಇಸುಜು 'ಹೊಂಬ್ರೆ' ಎಂದು ಮಾರಿದ್ದು ಷೆವರ್ಲೆಯ ಎಸ್-10. ಜಪಾನ್ ಗಾಡಿಯೇ ಬೇಕು ಎಂದು ಹಟ ಹಿಡಿದು ಕೊಂಡವರ ಮನೆಗೆ ಅಪ್ಪಟ ಅಮೆರಿಕನ್ ಗಾಡಿ ಬಂತು.

ಇಷ್ಟೆಲ್ಲ ತಿರುವುಮುರುವಿಗೆ ಒಂದು ದೊಡ್ಡ ಕಾರಣ ಕೋಳಿ. ನಿಜವಾಗಿಯೂ ಕೋಳಿ. 1960ರ ದಶಕದ ಆರಂಭದಲ್ಲಿ ಅಮೆರಿಕದ ಫಾರಂ ಕೋಳಿ ಅಗ್ಗದ ದರಕ್ಕೆ ಪಶ್ಚಿಮ ಜರ್ಮನಿಗೆ ಹೋಗುತ್ತಿತ್ತು. ತಮ್ಮ ರೈತರನ್ನು ಉಳಿಸಿಕೊಳ್ಳಲು ಯುರೋಪಿನ ದೇಶಗಳು ಅದರ ಮೇಲೆ ಸುಂಕ ಏರಿಸಿದವು. 1963ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಸೇಡು ತೀರಿಸಿಕೊಂಡರು. ಆಲೂಗಡ್ಡೆ ಪಿಷ್ಟ, ಪಿಷ್ಟದಿಂದಲೇ ಮಾಡುವ ಡೆಕ್ಸ್‌ಟ್ರಿನ್ ಎಂಬ ಅಂಟು, ದುಬಾರಿ ಬ್ರಾಂಡಿ ಮತ್ತು ಸಣ್ಣ ಟ್ರಕ್, ಈ ನಾಲ್ಕರ ಆಮದಿನ ಮೇಲೆ ಶೇ. 25 ಸುಂಕ. ಆಗ ಕಣ್ಣಿದ್ದದ್ದು ಫೋಕ್ಸ್‌ವ್ಯಾಗನ್ ವ್ಯಾನ್ ಮೇಲೆ. ಉಳಿದ ಮೂರು ಕಾಲಕ್ರಮೇಣ ಪಟ್ಟಿಯಿಂದ ಹೊರಬಿದ್ದವು. ಟ್ರಕ್ ಮಾತ್ರ ಉಳಿಯಿತು.

ಸುಂಕ ಬಂದರೆ ಅದನ್ನು ದಾಟುವ ಉಪಾಯವೂ ಬರುತ್ತದೆ, ಅಲ್ವಾ? ಹಿಂದಿನ ತೊಟ್ಟಿ ಇಲ್ಲದ ಬರೀ ಕ್ಯಾಬಿನ್ ಮತ್ತು ಚಾಸಿ ತಂದರೆ ಸುಂಕ ಶೇ. 4 ಮಾತ್ರ. ಹಾಗಾಗಿ ಕೊರಿಯರ್, ಲವ್ ಗಾಡಿಗಳು ತೊಟ್ಟಿ ಬಿಚ್ಚಿಕೊಂಡೇ ಬಂದರು ತಲುಪುತ್ತಿದ್ದವು. ಅಮೆರಿಕದಲ್ಲಿ ತೊಟ್ಟಿ ಕೂರಿಸಿ ಬೋಲ್ಟ್ ಬಿಗಿದರೆ ಪಿಕಪ್ ತಯಾರು. 1980ರಲ್ಲಿ ಆ ಬಾಗಿಲು ಮುಚ್ಚಿತು. ಸುಬಾರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿತ್ತು. ತನ್ನ 'ಬ್ರ್ಯಾಟ್' ಪಿಕಪ್ಪಿನ ತೊಟ್ಟಿಯಲ್ಲಿ ಹಿಂದಕ್ಕೆ ಮುಖ ಮಾಡಿದ ಎರಡು ಪ್ಲಾಸ್ಟಿಕ್ ಸೀಟು ಕೂರಿಸಿ, ಇದು ಜನರನ್ನು ಒಯ್ಯುವ ಕಾರು ಎಂದಿತು. ಕೊನೆಗೆ ಉಳಿದ ನೇರ ದಾರಿಗಳು ಎರಡೇ. ಅಲ್ಲೇ ಕಾರ್ಖಾನೆ ಕಟ್ಟುವುದು, ಇಲ್ಲವೇ ಅಲ್ಲಿನವರ ಜೊತೆ ಕೈ ಜೋಡಿಸುವುದು. ನಿಸ್ಸಾನ್ ಟೆನೆಸಿಯ ಸ್ಮರ್ನಾದಲ್ಲಿ ಕಾರ್ಖಾನೆ ತೆರೆದು 1983ರಲ್ಲಿ ಹೊರತಂದ ಮೊದಲ ಗಾಡಿಯೇ ಪಿಕಪ್.

ವ್ಯಾಪಾರಕ್ಕಾಗಿ ಹುಟ್ಟಿದ ಈ ಪಾಲುದಾರಿಕೆಗಳು ಗೊತ್ತಿಲ್ಲದೆಯೇ ಒಳ್ಳೆಯ ಪ್ರಯೋಗಗಳೂ ಆದವು. ಎರಡು ಬೇರೆ ಬೇರೆ ಗಾಡಿಗಳನ್ನು ಹೋಲಿಸಿದರೆ ಏನೂ ಗೊತ್ತಾಗುವುದಿಲ್ಲ. ವಿನ್ಯಾಸ ಬೇರೆ, ಬೆಲೆ ಬೇರೆ, ಓಡಿಸುವವರು ಬೇರೆ. ಆದರೆ ಒಂದೇ ನಕ್ಷೆ ಹಿಡಿದು ಎರಡು ಕಾರ್ಖಾನೆಗಳು ಒಂದೇ ವಸ್ತು ಮಾಡಿದರೆ? ಅವಳಿ ಮಕ್ಕಳನ್ನು ಬೇರೆ ಬೇರೆ ಮನೆಯಲ್ಲಿ ಬೆಳೆಸಿದ ಹಾಗೆ.

ಅಂಥದ್ದೊಂದು ನಡೆದದ್ದು ಫೋರ್ಡ್‌ನಲ್ಲಿ. 1979ರಲ್ಲಿ ಫೋರ್ಡ್ ಮಾಜ್ದಾದ ಶೇ. 25 ಪಾಲು ಕೊಂಡಿತ್ತು. 1980ರ ದಶಕದ ಆರಂಭದಲ್ಲಿ ಫೋರ್ಡ್‌ನ ಒಂದು ಆಟೊಮ್ಯಾಟಿಕ್ ಗಿಯರ್‌ಬಾಕ್ಸ್ ಓಹಾಯೋದ ಬಟೇವಿಯಾದಲ್ಲೂ ತಯಾರಾಗುತ್ತಿತ್ತು, ಜಪಾನಿನ ಮಾಜ್ದಾದಲ್ಲೂ ತಯಾರಾಗುತ್ತಿತ್ತು. ನಕ್ಷೆ ಒಂದೇ, ಅಳತೆ ಒಂದೇ. ಆದರೆ ಮಾಜ್ದಾದ್ದು ಸದ್ದಿಲ್ಲದೆ ನಯವಾಗಿ ಓಡುತ್ತಿತ್ತು, ವಾರಂಟಿ ದೂರುಗಳೂ ಕಡಿಮೆ. ಫೋರ್ಡ್ ಎಂಜಿನಿಯರ್‌ಗಳು ಎರಡೂ ಕಡೆಯ ಕೆಲವು ಗಿಯರ್‌ಬಾಕ್ಸ್‌ಗಳನ್ನು ಬಿಚ್ಚಿ ಬಿಡಿಭಾಗಗಳನ್ನೆಲ್ಲ ಅಳೆದರು. ತಮ್ಮ ಭಾಗಗಳಲ್ಲಿ ತಪ್ಪಿರಬೇಕು ಎಂದುಕೊಂಡಿದ್ದರು. ತಪ್ಪಿರಲಿಲ್ಲ. ಎಲ್ಲವೂ ಟಾಲರೆನ್ಸ್ ಒಳಗೇ ಇದ್ದವು.

ಟಾಲರೆನ್ಸ್ ಎಂಬ ಮಾತು ಪೀಣ್ಯದ ಯಾವ ಮೆಷಿನ್ ಶಾಪಿಗೆ ಹೋದರೂ ಕಿವಿಗೆ ಬೀಳುತ್ತದೆ. 20 ಮಿಲಿಮೀಟರ್ ದಪ್ಪದ ಸರಳು ಬೇಕು ಅಂದರೆ ಯಾರೂ ಸರಿಯಾಗಿ 20 ಮಾಡಲಾರರು. 19.98ರಿಂದ 20.02ರವರೆಗೆ ಇದ್ದರೆ ಪಾಸು ಎನ್ನುತ್ತಾರೆ. ಬಟೇವಿಯಾದ ಭಾಗಗಳು ಆ ಗಡಿಯೊಳಗೆ ಆ ಅಂಚಿನಿಂದ ಈ ಅಂಚಿನವರೆಗೂ ಹರಡಿಕೊಂಡಿದ್ದವು. ಮಾಜ್ದಾದ್ದು ನಟ್ಟನಡುವೆ ಒತ್ತೊತ್ತಾಗಿ ಗುಂಪುಗೂಡಿದ್ದವು. ಮಾಜ್ದಾ ಭಾಗಗಳನ್ನು ಒಂದರ ಹಿಂದೊಂದು ಅಳೆಯುತ್ತಿದ್ದವನು ಮುಳ್ಳು ಅಲ್ಲಾಡದ್ದನ್ನು ನೋಡಿ ಅಳತೆಯ ಯಂತ್ರವೇ ಕೆಟ್ಟಿದೆ ಎಂದುಕೊಂಡನಂತೆ. ಈ ಕಥೆಯನ್ನು ಕ್ವಾಲಿಟಿ ಕಂಟ್ರೋಲ್ ಕಲಿಸುವವರು ಇಂದಿಗೂ ಹೇಳುತ್ತಾರೆ.

ಎರಡೂ ಪಾಸಾದ ಮೇಲೆ ವ್ಯತ್ಯಾಸ ಎಲ್ಲಿಂದ ಬಂತು? ಮಳೆಗಾಲದ ಬಾಗಿಲನ್ನು ನೆನಪಿಸಿಕೊಳ್ಳಿ. ಬಾಗಿಲು ಹೇಳಿದ ಅಳತೆಗಿಂತ ಒಂದು ಕೂದಲು ದಪ್ಪ, ಚೌಕಟ್ಟು ಒಂದು ಕೂದಲು ಕಿರಿದು. ಬಡಗಿಯನ್ನು ಕೇಳಿದರೆ ಎರಡೂ ಸರಿಯೇ. ಆದರೆ ಜೋಡಿಸಿದ ಮೇಲೆ ಬಾಗಿಲು ಕಚ್ಚಿಕೊಳ್ಳುತ್ತದೆ. ಗಿಯರ್‌ಬಾಕ್ಸಿನಲ್ಲಿ ಇಂಥ ನೂರಾರು ಜೋಡಿಗಳಿವೆ. ಪ್ರತಿಯೊಂದೂ ಅಂಚಿನಲ್ಲಿದ್ದರೆ ಒಂದರ ಕೊರತೆ ಇನ್ನೊಂದಕ್ಕೆ ಸೇರಿ ಬೆಳೆಯುತ್ತದೆ.

ಜಪಾನಿನ ಎಂಜಿನಿಯರ್ ಗೆನಿಚಿ ತಗುಚಿ ಇದನ್ನು ಲೆಕ್ಕಕ್ಕಿಳಿಸಿದರು. ನಮ್ಮ ಕಾಲದ ಎಸೆಸೆಲ್ಸಿಯಲ್ಲಿ 35 ಬಂದವನು ಪಾಸು, 34 ಬಂದವನು ಫೇಲು. ಇಬ್ಬರ ಕಲಿಕೆಯಲ್ಲಿ ಅಂಥ ವ್ಯತ್ಯಾಸವೇನೂ ಇಲ್ಲ. 35 ಬಂದವನಿಗೂ 95 ಬಂದವನಿಗೂ ಅಜಗಜಾಂತರ. ಆದರೆ ಪಾಸು-ಫೇಲು ಪಟ್ಟಿಯಲ್ಲಿ ಇವರಿಬ್ಬರೂ ಒಂದೇ. ಬಿಡಿಭಾಗಗಳನ್ನೂ ಹೀಗೆ ಪಾಸು-ಫೇಲು ಮಾಡುವುದು ತಪ್ಪು ಎಂದರು ತಗುಚಿ. ನಡುಗುರಿಯಿಂದ ಸರಿದ ಕ್ಷಣದಿಂದಲೇ ನಷ್ಟ ಶುರು. ಸರಿದ ದೂರ ಎರಡು ಪಟ್ಟಾದರೆ ನಷ್ಟ ನಾಲ್ಕು ಪಟ್ಟು.

ಇಷ್ಟು ಓದಿದವರಿಗೆ 'ಹಾಗಾದರೆ ಜಪಾನಿನವರ ಕೈಗುಣವೇ ಬೇರೆ' ಅನ್ನಿಸಬಹುದು. ನನಗೂ ಹಾಗೇ ಅನ್ನಿಸುತ್ತಿತ್ತು. ಆದರೆ ಈ ಲೆಕ್ಕಾಚಾರದ ಬೇರು ಅಮೆರಿಕದ್ದೇ. ಅಂಕಿಅಂಶ ಬಳಸಿ ಗುಣಮಟ್ಟ ಕಾಯುವ ವಿದ್ಯೆಯನ್ನು 1950ರಲ್ಲಿ ಜಪಾನಿನ ಎಂಜಿನಿಯರ್‌ಗಳಿಗೆ ಪಾಠ ಮಾಡಿದ್ದು ಎಡ್ವರ್ಡ್ಸ್ ಡೆಮಿಂಗ್ ಎಂಬ ಅಮೆರಿಕನ್. ಫೋರ್ಡ್ ಅದೇ ಡೆಮಿಂಗ್ ಅವರನ್ನು ಸಲಹೆಗೆ ಕರೆದದ್ದು 1981ರಲ್ಲಿ.

ಕೈಗುಣದ ಮಾತನ್ನು ಪೂರ್ತಿ ಮುರಿದದ್ದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್. ಅಲ್ಲಿ ಷೆವರ್ಲೆಯ ಒಡೆಯ ಕಂಪನಿಯಾದ ಜನರಲ್ ಮೋಟಾರ್ಸ್‌ನ ಒಂದು ಕಾರ್ಖಾನೆ ಇತ್ತು. ಅದರ ಹೆಸರು ಎಷ್ಟು ಕೆಟ್ಟಿತ್ತೆಂದರೆ ಐದರಲ್ಲಿ ಒಬ್ಬ ಕಾರ್ಮಿಕ ಕೆಲಸಕ್ಕೇ ಬರುತ್ತಿರಲಿಲ್ಲ. ಬಂದವರು ಹೊಟ್ಟೆಯುರಿಗೆ ಬಾಗಿಲ ಒಳಗೆ ಖಾಲಿ ಬಾಟಲಿ ಸೇರಿಸಿಟ್ಟ ಕಥೆಗಳಿವೆ. ಗಾಡಿ ಓಡಿದಾಗಲೆಲ್ಲ ಕಟಕಟ ಅನ್ನಲಿ, ಕಾರಣ ಯಾರಿಗೂ ಸಿಗದಿರಲಿ ಎಂದು. 1982ರಲ್ಲಿ ಕಾರ್ಖಾನೆ ಮುಚ್ಚಿತು. 1984ರಲ್ಲಿ ಜನರಲ್ ಮೋಟಾರ್ಸ್ ಮತ್ತು ಟೊಯೋಟಾ ಸೇರಿ ಅದನ್ನೇ 'ನುಮ್ಮಿ' ಎಂಬ ಹೆಸರಲ್ಲಿ ತೆರೆದವು. ಕಾರ್ಮಿಕರಲ್ಲಿ ಬಹುಪಾಲು ಹಳಬರೇ. ಯೂನಿಯನ್ ಕೂಡ ಹಳೆಯದೇ. ನೂರಾರು ಮಂದಿಯನ್ನು ತಂಡತಂಡವಾಗಿ ಜಪಾನಿನಲ್ಲಿರುವ ಟೊಯೋಟಾದ ತಕಾಓಕಾ ಕಾರ್ಖಾನೆಗೆ ಕಳಿಸಿ ಕೆಲಸದ ರೀತಿ ತೋರಿಸಿದರು.

ಬದಲಾದದ್ದರಲ್ಲಿ ಮುಖ್ಯವಾದದ್ದು ತಲೆಯ ಮೇಲೆ ನೇತಾಡುವ ಒಂದು ಹಗ್ಗ. ಹಿಂದೆ ಏನೇ ಆಗಲಿ, ಲೈನ್ ನಿಲ್ಲಿಸುವಂತಿರಲಿಲ್ಲ. ಬೋಲ್ಟ್ ಕೂರದಿದ್ದರೆ ಹಾಗೇ ಮುಂದಕ್ಕೆ ತಳ್ಳು, ಕೊನೆಗೆ ಯಾರೋ ಸರಿಮಾಡುತ್ತಾರೆ. ಈಗ ತೊಂದರೆ ಕಂಡ ಯಾರು ಬೇಕಾದರೂ ಹಗ್ಗ ಎಳೆಯಬಹುದು. ಒಂದು ಸಂಗೀತ ಕೇಳಿಸುತ್ತದೆ, ತಂಡದ ಮುಖಂಡ ಓಡಿ ಬರುತ್ತಾನೆ. ಬೇಗ ಸರಿಹೋಗದಿದ್ದರೆ ಲೈನ್ ನಿಲ್ಲುತ್ತದೆ. ತಪ್ಪು ಹುಟ್ಟಿದ ಜಾಗದಲ್ಲೇ ಸಿಕ್ಕಿಬಿದ್ದರೆ ಅದರ ಕಾರಣವೂ ಅಲ್ಲೇ ಸಿಗುತ್ತದೆ. ನೂರು ಅಡಿ ಮುಂದೆ ಹೋದ ಮೇಲೆ ಬರೀ ತಪ್ಪು ಸಿಗುತ್ತದೆ.

ಅಂಕಿಗಳನ್ನು ನೋಡಿ. ಆ ದಶಕದಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು ಅಳೆದಾಗ ಜನರಲ್ ಮೋಟಾರ್ಸ್‌ನ ಫ್ರೇಮಿಂಗ್‌ಹ್ಯಾಮ್ ಕಾರ್ಖಾನೆಯಲ್ಲಿ ಒಂದು ಕಾರು ಜೋಡಿಸಲು 31 ಗಂಟೆ, 100 ಕಾರಿಗೆ 135 ದೋಷ. ತಕಾಓಕಾದಲ್ಲಿ 16 ಗಂಟೆ, 45 ದೋಷ. ನುಮ್ಮಿಯಲ್ಲಿ 19 ಗಂಟೆ, ಅದೇ 45 ದೋಷ. ಕೆಲಸ ಮಾಡಿದ ಕೈಗಳು ಮಾತ್ರ ಕ್ಯಾಲಿಫೋರ್ನಿಯಾದವು.

ಇನ್ನೊಂದು ವಿಚಿತ್ರ. ನುಮ್ಮಿಯ ಒಂದೇ ಲೈನಿನಿಂದ ಟೊಯೋಟಾ ಕೊರೊಲ್ಲಾ ಮತ್ತು ಜನರಲ್ ಮೋಟಾರ್ಸ್‌ನ ಪ್ರಿಜ್ಮ್ ಎರಡೂ ಬರುತ್ತಿದ್ದವು. ಒಳಗೆ ಹೆಚ್ಚುಕಡಿಮೆ ಒಂದೇ ಕಾರು. ಆದರೂ ಕೊರೊಲ್ಲಾಗೇ ಗಿರಾಕಿ ಜಾಸ್ತಿ, ಸೆಕೆಂಡ್ ಹ್ಯಾಂಡ್‌ನಲ್ಲೂ ಅದಕ್ಕೇ ಒಳ್ಳೆಯ ಬೆಲೆ. ಈ ಆಟ ನಮಗೂ ಹೊಸದಲ್ಲ. 2022ರಿಂದ ಮಾರುತಿ ಗ್ರ್ಯಾಂಡ್ ವಿಟಾರಾ ಮತ್ತು ಟೊಯೋಟಾ ಹೈರೈಡರ್ ಎರಡೂ ನಮ್ಮ ಬಿಡದಿಯಲ್ಲೇ ಹುಟ್ಟಿದ ಅವಳಿಗಳು. ಯಾವುದರ ಲೋಹ ಗಟ್ಟಿ ಎಂದು ಮದುವೆ ಮನೆಗಳಲ್ಲಿ ವಾದ ಮಾಡುವವರನ್ನು ನೋಡಿದ್ದೇನೆ. ಸುಮ್ನೆ ಊಟ ಮಾಡಿ ಬಂದಿದ್ದೇನೆ.

ಟೊಯೋಟಾದ ಹೆಸರಿಗೂ ಮಸಿ ಬಳಿದದ್ದು ಪಿಕಪ್ಪೇ. 1995ರಿಂದ ನುಮ್ಮಿಯಲ್ಲಿ ತಯಾರಾದ 'ಟಕೋಮಾ' ಎಂಜಿನ್ ವಿಷಯದಲ್ಲಿ ಬಲು ಗಟ್ಟಿ ಎನಿಸಿಕೊಂಡಿತ್ತು. ಆದರೆ ಅದರ ಉಕ್ಕಿನ ಫ್ರೇಮ್ ತುಕ್ಕು ಹಿಡಿದು ತೂತು ಬೀಳತೊಡಗಿತು. ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುವ ಊರುಗಳಲ್ಲಿ ಇದರ ಕಾಟ ಜಾಸ್ತಿ. ಉಪ್ಪುನೀರು ವಿದ್ಯುತ್ತನ್ನು ಚೆನ್ನಾಗಿ ಹರಿಸುತ್ತದೆ. ಉಕ್ಕಿನ ಒಂದು ಜಾಗದಲ್ಲಿ ಬಿಟ್ಟ ಎಲೆಕ್ಟ್ರಾನು ಲೋಹದ ಮೂಲಕವೇ ಇನ್ನೊಂದು ಜಾಗಕ್ಕೆ ಹೋಗುತ್ತದೆ, ಉಪ್ಪುನೀರಿನಲ್ಲಿರುವ ವಿದ್ಯುತ್ ತುಂಬಿದ ಕಣಗಳು ಆ ಸುತ್ತನ್ನು ಸಲೀಸಾಗಿ ಪೂರ್ತಿಮಾಡುವುದರಿಂದ ತುಕ್ಕಿನ ವೇಗ ಏರುತ್ತದೆ. ತಡೆಯಬೇಕಾದ ಲೇಪನ ಸಾಕಾಗಿರಲಿಲ್ಲ. ಫ್ರೇಮ್ ಒದಗಿಸಿದ್ದು ಡೇನಾ ಎಂಬ ಅಮೆರಿಕನ್ ಕಂಪನಿ. ಗಾಡಿಯ ಮೇಲಿದ್ದದ್ದು ಟೊಯೋಟಾ ಹೆಸರು. 2008ರಲ್ಲಿ ಟೊಯೋಟಾ ತೀರಾ ಕೆಟ್ಟ ಟಕೋಮಾಗಳನ್ನು ಮಾರುಕಟ್ಟೆ ದರದ ಒಂದೂವರೆ ಪಟ್ಟು ಕೊಟ್ಟು ವಾಪಸ್ ಕೊಂಡಿತು.

ಮತ್ತೆ ಅಣ್ಣತಮ್ಮಂದಿರಂತೆ ಜಗಳವಾಡುವ ಆ ಎರಡು ಗಾಡಿಗಳಿಗೆ ಬರೋಣ. 2024ರಲ್ಲಿ ಟೊಯೋಟಾ ಟಂಡ್ರಾ ಸೇರಿದಂತೆ ಸುಮಾರು 1 ಲಕ್ಷ ಗಾಡಿಗಳನ್ನು ಹಿಂದಕ್ಕೆ ಕರೆಯಿತು. ಎಂಜಿನ್ ಕೊರೆಯುವಾಗ ಉಳಿದ ಲೋಹದ ಚೂರುಗಳು ಒಳಗೇ ಸೇರಿಕೊಂಡು ಬೇರಿಂಗ್ ಹಾಳಾಗುವ ಭಯವಿತ್ತು. ಮರುವರ್ಷವೇ ಜನರಲ್ ಮೋಟಾರ್ಸ್ ಜಗತ್ತಿನಾದ್ಯಂತ 7 ಲಕ್ಷಕ್ಕೂ ಹೆಚ್ಚು ಗಾಡಿ ಕರೆಯಿತು, ಸಿಲ್ವರಾಡೊ ಕೂಡ ಅದರಲ್ಲಿತ್ತು. ಅಲ್ಲಿ ತೊಂದರೆ 6.2 ಲೀಟರ್ ವಿ8 ಎಂಜಿನ್ನಿನ ಕ್ರ್ಯಾಂಕ್ ಶಾಫ್ಟ್ ಎಂಬ ಸುತ್ತುವ ದಂಡದಲ್ಲಿ ಮತ್ತು ಪಿಸ್ಟನ್ನನ್ನು ಅದಕ್ಕೆ ಜೋಡಿಸುವ ಕನೆಕ್ಟಿಂಗ್ ರಾಡ್‌ನಲ್ಲಿ. ಸ್ವದೇಶಿಯೋ ವಿದೇಶಿಯೋ ಎಂಬ ವಾದ ಕೊನೆಗೆ ಒಂದೇ ಜಾಗಕ್ಕೆ ಬಂದು ನಿಂತಿತು. ಕ್ರ್ಯಾಂಕ್ ಶಾಫ್ಟ್ ಸುತ್ತುವಾಗ ಲೋಹಕ್ಕೆ ಲೋಹ ತಾಗುವುದಿಲ್ಲ. ನಡುವೆ ಎಣ್ಣೆಯ ತೆಳು ಪದರದ ಮೇಲೆ ಅದು ತೇಲುತ್ತಿರುತ್ತದೆ. ಭಾರ ಬಿದ್ದಾಗ ಆ ಪದರ ಕೆಲವೇ ಮೈಕ್ರಾನ್. ತಲೆಗೂದಲು ಅದಕ್ಕಿಂತ ಎಷ್ಟೋ ಪಟ್ಟು ದಪ್ಪ. ಅಲ್ಲಿಗೆ ಒಂದು ಚೂರು ಬಂದರೂ ಸಾಕು, ಮೇಲ್ಮೈ ತುಸು ಒರಟಾದರೂ ಸಾಕು.

ಜನರಲ್ ಮೋಟಾರ್ಸ್ ಕರೆದ ಗಾಡಿಗಳನ್ನು ಪರೀಕ್ಷೆ ಮಾಡಿ, ಕೆಟ್ಟದ್ದಕ್ಕೆ ದುರಸ್ತಿ ಅಥವಾ ಬೇರೆ ಎಂಜಿನ್ ಎಂದಿತು. ಪರೀಕ್ಷೆಯಲ್ಲಿ ಪಾಸಾದವಕ್ಕೆ ಇನ್ನೊಂದು ಮದ್ದು. ಮೊದಲಿನ ನೀರಾದ ಎಣ್ಣೆಯ ಬದಲು ಸ್ವಲ್ಪ ಮಂದವಾದ ಎಣ್ಣೆ. ಮಂದ ಎಣ್ಣೆಯ ಪದರ ದಪ್ಪ, ಲೋಹದ ಸಣ್ಣಪುಟ್ಟ ತಪ್ಪುಗಳನ್ನು ಅದು ಹೊಟ್ಟೆಗೆ ಹಾಕಿಕೊಳ್ಳುತ್ತದೆ. ಜೊತೆಗೆ ಹೊಸ ಫಿಲ್ಟರ್, ಮತ್ತು ಎಣ್ಣೆ ಸುರಿಯುವ ಬಾಯಿಗೆ ಹೊಸ ಮುಚ್ಚಳ.