ಡಜನ್ ಮೊಟ್ಟೆಗೆ ಎರಡು ಸೆಂಟ್

ವಿದೇಶದಿಂದ ಅಮೆರಿಕಕ್ಕೆ ಬರುವ ಪ್ರತಿ ಡಜನ್ ಮೊಟ್ಟೆಗೆ 8 ಸೆಂಟ್ ಸುಂಕವಿತ್ತು. 1930ರ ಜೂನ್ 17ರಂದು ಅಧ್ಯಕ್ಷ ಹರ್ಬರ್ಟ್ ಹೂವರ್ ಸಹಿ ಹಾಕಿದ, ಅನೇಕ ವಸ್ತುಗಳ ಆಮದು ಸುಂಕ ಹೆಚ್ಚಿಸಿದ ಸ್ಮೂಟ್–ಹಾಲಿ ಕಾಯ್ದೆ ಅದನ್ನು 10 ಸೆಂಟ್‌ಗೆ ಏರಿಸಿತು. ಹೆಚ್ಚಿದ್ದು ಎರಡೇ ಸೆಂಟ್. ಕೆನಡಾ ಸುಮ್ಮನಿರಲಿಲ್ಲ, ತನ್ನ 3 ಸೆಂಟ್ ಸುಂಕವನ್ನು ತಾನೂ 10ಕ್ಕೆ ಒಯ್ದಿತು.

1929ರಲ್ಲಿ ಅಮೆರಿಕ ಕೆನಡಾಕ್ಕೆ 9 ಲಕ್ಷ ಡಜನ್‌ಗೂ ಹೆಚ್ಚು ಮೊಟ್ಟೆ ಮಾರಿತ್ತು. ಅಲ್ಲಿಂದ ಕೊಂಡದ್ದು ಅದರ ಮುಂದೆ ಲೆಕ್ಕಕ್ಕೇ ಬಾರದಷ್ಟು. 1932ರಲ್ಲಿ ಆ ರಫ್ತು 15 ಸಾವಿರ ಡಜನ್ ಕೂಡ ಮುಟ್ಟಲಿಲ್ಲ. ಯಾರನ್ನು ಕಾಪಾಡಲೆಂದು ಸುಂಕ ಏರಿಸಿದರೋ ಆ ಕೋಳಿ ಸಾಕುವವರೇ ಗಿರಾಕಿಗಳನ್ನು ಕಳೆದುಕೊಂಡರು. ಈ ಕಥೆಯಲ್ಲಿ ನನಗೆ ಅತ್ಯಂತ ನೋವಿನದಾಗಿ ಕಾಣುವುದು ಇದೇ. ಸಹಿ ಹಾಕಬೇಡಿ ಎಂದು 1,028 ಅರ್ಥಶಾಸ್ತ್ರಜ್ಞರು ಮೊದಲೇ ಬೇಡಿಕೊಂಡಿದ್ದರು.

ಕಾಯ್ದೆಯೊಳಗೆ ಇನ್ನೊಂದು ಅಪಾಯ ಅಡಗಿತ್ತು. ಅನೇಕ ವಸ್ತುಗಳ ಸುಂಕ ಬೆಲೆಯ ಶೇಕಡಾವಾರು ಆಗಿರದೆ, ಡಜನ್‌ಗಿಷ್ಟು, ಪೌಂಡಿಗಿಷ್ಟು ಎಂದು ನಿಗದಿಯಾಗಿತ್ತು. ಒಂದು ಡಾಲರ್‌ನ ಸರಕಿಗೆ 40 ಸೆಂಟ್ ಸುಂಕವಿದ್ದರೆ ಅದು ಶೇ 40. ಸರಕಿನ ಬೆಲೆ 60 ಸೆಂಟ್‌ಗೆ ಇಳಿದರೆ ಅದೇ 40 ಸೆಂಟ್ ಶೇ 66 ದಾಟುತ್ತದೆ. ಆ ವರ್ಷಗಳಲ್ಲಿ ಬೆಲೆಗಳು ಒಂದೇ ಸಮನೆ ಕುಸಿಯುತ್ತಿದ್ದವು. ಹಾಗಾಗಿ ಯಾರೂ ಕಾಯ್ದೆಯ ಒಂದಕ್ಷರ ತಿದ್ದದಿದ್ದರೂ ಸುಂಕದ ಭಾರ ಏರುತ್ತಲೇ ಹೋಯಿತು.

1929ರಲ್ಲಿ ಶುರುವಾದ ಮಹಾ ಆರ್ಥಿಕ ಕುಸಿತಕ್ಕೆ ಈ ಕಾಯ್ದೆಯೇ ಕಾರಣ ಎಂಬ ಮಾತು ಆಗಾಗ ಕೇಳಿಬರುತ್ತದೆ. ಅದು ಸರಿಯಲ್ಲ. ಷೇರುಪೇಟೆ ಕುಸಿದದ್ದು 1929ರ ಅಕ್ಟೋಬರ್‌ನಲ್ಲಿ. ಆಮೇಲೆ ಸಾಲುಸಾಲಾಗಿ ಬ್ಯಾಂಕುಗಳು ಮುಳುಗಿದ್ದು ಸುಂಕಕ್ಕಿಂತ ದೊಡ್ಡ ಪೆಟ್ಟು. ಆದರೆ ಕಷ್ಟಕಾಲದಲ್ಲಿ ಕೈಹಿಡಿಯಬೇಕಾಗಿದ್ದ ನೆರೆಯವರನ್ನು ಅಮೆರಿಕ ತಾನಾಗಿಯೇ ದೂರ ಮಾಡಿಕೊಂಡಿತು. ಕೆನಡಾ 1932ರ ಒಟ್ಟಾವಾ ಸಮ್ಮೇಳನದಲ್ಲಿ ಬ್ರಿಟಿಷ್ ಸಾಮ್ರಾಜ್ಯದ ದೇಶಗಳೊಂದಿಗೆ ಸುಂಕ ರಿಯಾಯಿತಿಯ ಒಪ್ಪಂದ ಮಾಡಿಕೊಂಡು ಅತ್ತ ವಾಲಿತು.

ಸುಂಕ ಏರಿಸಲು ಒಂದು ಸಹಿ ಸಾಕಾಗಿತ್ತು. ಇಳಿಸಲು ಮಾತ್ರ ಎರಡೂ ಕಡೆಯವರು ಕೂತು ಮಾತಾಡಬೇಕಾಯಿತು. 1934ರ ಹೊಸ ಕಾಯ್ದೆ, ‘ನೀವಿಷ್ಟು ಇಳಿಸಿ, ನಾವಿಷ್ಟು ಇಳಿಸುತ್ತೇವೆ’ ಎಂದು ಒಂದೊಂದೇ ದೇಶದೊಂದಿಗೆ ಒಪ್ಪಂದಕ್ಕೆ ಬರುವ ಅಧಿಕಾರವನ್ನು ಅಮೆರಿಕದ ಅಧ್ಯಕ್ಷರಿಗೆ ಕೊಟ್ಟಿತು. ಕೆನಡಾದೊಂದಿಗೆ ಅಂಥ ಒಪ್ಪಂದಕ್ಕೆ ಸಹಿ ಬಿದ್ದದ್ದು 1935ರ ನವೆಂಬರ್‌ನಲ್ಲಿ.