ಯುಟಿಲೈಸೇಶನ್ ಅಂದರೆ ಏನು? ಟಾಸ್ಕ್ ಮ್ಯಾನೇಜರ್ ತೋರಿಸುವ ನಾಲ್ಕು ಶೇಕಡಾ ಅಂಕಿಗಳ ಅರ್ಥ

ಕಂಪ್ಯೂಟರ್ ನಿಧಾನವಾಯಿತು ಅಂದಾಗ ಯಾರಾದರೂ ಹೇಳುತ್ತಾರೆ, ಯಾವ ಪ್ರೋಗ್ರಾಂ ಎಷ್ಟು ಬಳಸುತ್ತಿದೆ ಅಂತ ತೋರಿಸುವ ಟಾಸ್ಕ್ ಮ್ಯಾನೇಜರ್ ತೆಗೆದು ನೋಡಿ ಅಂತ. ತೆಗೆದರೆ ಸಿಪಿಯು 12%, ಮೆಮೊರಿ 71%, ಡಿಸ್ಕ್ 100%, ನೆಟ್‌ವರ್ಕ್ 0%. ಡಿಸ್ಕ್ 100% ಅಂದ ಕೂಡಲೇ ಜಾಗ ತುಂಬಿಹೋಯಿತು ಅಂದುಕೊಂಡು ಹಳೇ ಫೋಟೋ, ವಿಡಿಯೋಗಳನ್ನು ಅಳಿಸಲು ಕೂರುವವರನ್ನು ನೋಡಿದ್ದೇನೆ. ತುಂಬಾ ಸಂಕಟವಾಗುತ್ತದೆ. ಯಾಕೆಂದರೆ ಆ 100%ಕ್ಕೂ ಜಾಗಕ್ಕೂ ಸಂಬಂಧವೇ ಇಲ್ಲ.

ಈ ಅಂಕಿಯ ಹೆಸರು ಯುಟಿಲೈಸೇಶನ್. ಕನ್ನಡದಲ್ಲಿ ಬಳಕೆಯ ಪ್ರಮಾಣ ಅನ್ನಬಹುದು. ಒಂದು ಭಾಗದ ಒಟ್ಟು ಸಾಮರ್ಥ್ಯದಲ್ಲಿ ಈ ಕ್ಷಣ ಎಷ್ಟು ಪಾಲು ಬಳಕೆಯಲ್ಲಿದೆ ಅನ್ನುವುದು ಅದರ ಅರ್ಥ. ಇಷ್ಟು ಸುಲಭ. ಆದರೆ ನಾಲ್ಕೂ ಕಾಲಮ್‌ನಲ್ಲಿ ಅದೇ % ಗುರುತು ಇದ್ದರೂ ಅಳೆಯುವ ವಸ್ತು ಬೇರೆ ಬೇರೆ. ಸಿಪಿಯು ಮತ್ತು ಡಿಸ್ಕ್‌ನಲ್ಲಿ ಸಮಯ, ಮೆಮೊರಿಯಲ್ಲಿ ಜಾಗ, ನೆಟ್‌ವರ್ಕ್‌ನಲ್ಲಿ ಸಂಪರ್ಕದ ವೇಗ. ಗೊಂದಲವೆಲ್ಲ ಹುಟ್ಟುವುದು ಇಲ್ಲೇ.

ಮೊದಲು ತೆರೆಯುವುದು ಹೇಗೆ ಅಂತ ಹೇಳಿಬಿಡುತ್ತೇನೆ. ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಡೇವ್ ಪ್ಲಮ್ಮರ್ ಅನ್ನುವ ಇಂಜಿನಿಯರ್ ಬರೆದ ಈ ಪ್ರೋಗ್ರಾಂ 1996ರ ವಿಂಡೋಸ್ ಎನ್‌ಟಿ 4.0 ಕಾಲದಿಂದಲೂ ಇದೆ. ಮ್ಯಾಕ್‌ನಲ್ಲಿ ಇದೇ ಕೆಲಸಕ್ಕೆ ಆಕ್ಟಿವಿಟಿ ಮಾನಿಟರ್ ಇದೆ, ಲಿನಕ್ಸ್‌ನಲ್ಲಿ ಟರ್ಮಿನಲ್‌ನಲ್ಲಿ ಟೈಪ್ ಮಾಡುವ ಟಾಪ್ ಅನ್ನುವ ಆದೇಶ. ಎಲ್ಲವೂ ಕಂಪ್ಯೂಟರ್ ಜೊತೆಗೇ ಬರುತ್ತವೆ, ಹಣ ಕೊಟ್ಟು ಬೇರೇನೂ ಹಾಕಿಕೊಳ್ಳಬೇಕಾಗಿಲ್ಲ.

ಸಿಪಿಯು ಅಂಕಿ ಅಂದರೆ, ಕಳೆದ ಒಂದು ಸೆಕೆಂಡಿನಲ್ಲಿ ಪ್ರೊಸೆಸರ್ ಎಷ್ಟು ಹೊತ್ತು ಕೆಲಸದಲ್ಲಿತ್ತು ಅನ್ನುವ ಲೆಕ್ಕ ಅಂದುಕೊಳ್ಳಿ. ವಿಡಿಯೋ ಎಡಿಟ್ ಮಾಡಿ ಸೇವ್ ಮಾಡುವಾಗ ಅದು 100% ಆದರೆ ಒಳ್ಳೆಯದೇ, ಕೆಲಸ ಬೇಗ ಮುಗಿಯುತ್ತದೆ. ಯಾವ ಕೆಲಸವನ್ನೂ ಕೊಡದೆ ಸುಮ್ನೆ ಬಿಟ್ಟಿರುವಾಗಲೂ ನಿಮಿಷಗಟ್ಟಲೆ ಜಾಸ್ತಿ ಇದ್ದರೆ ಆಗ ಕಾರಣ ಹುಡುಕಬೇಕು. ಇನ್ನೊಂದು ವಿಷಯ ಇದೆ, ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ಪ್ರೊಸೆಸರ್ ಒಳಗೆ ಸ್ವತಂತ್ರವಾಗಿ ಕೆಲಸ ಮಾಡುವ ಘಟಕಗಳಿಗೆ ಕೋರ್ ಅನ್ನುತ್ತಾರೆ. ವಿಂಡೋಸ್ ಎಲ್ಲಾ ಕೋರ್‌ಗಳನ್ನೂ ಸೇರಿಸಿ 100 ಅನ್ನುತ್ತದೆ. ಹಾಗಾಗಿ ಎಂಟು ಲಾಜಿಕಲ್ ಪ್ರೊಸೆಸರ್ (ವಿಂಡೋಸ್ ಲೆಕ್ಕಕ್ಕೆ ಹಿಡಿಯುವ ಕೆಲಸದ ಘಟಕ) ಇರುವ ಯಂತ್ರದಲ್ಲಿ ಒಂದು ಪ್ರೋಗ್ರಾಂ ಒಂದನ್ನು ಪೂರ್ತಿ ಹಿಡಿದುಕೊಂಡು ಒದ್ದಾಡುತ್ತಿದ್ದರೂ ನಮಗೆ ಕಾಣುವುದು ಸುಮಾರು 12% ಮಾತ್ರ. ಮ್ಯಾಕ್‌ನ ಪಟ್ಟಿಯಲ್ಲಿ ಒಂದು ಕೋರ್ ಅಂದರೇ 100, ಅದಕ್ಕೇ ಅಲ್ಲಿ ಒಂದೇ ಪ್ರೋಗ್ರಾಂ 300% ತೋರಿಸಿದರೂ ಅದು ತಪ್ಪಲ್ಲ. ಹಾಗೆಯೇ ವಿಂಡೋಸ್‌ನ ಡೀಟೇಲ್ಸ್ ಟ್ಯಾಬ್‌ನಲ್ಲಿ ಸಿಸ್ಟಮ್ ಐಡಲ್ ಪ್ರೋಸೆಸ್ ಅನ್ನುವುದರ ಎದುರು 95 ಅಂತ ಇದ್ದರೆ ಹೆದರಬೇಡಿ. ಸಿಪಿಯು ಅಷ್ಟು ಪಾಲು ಖಾಲಿ ಕೂತಿದೆ ಅಂತ ಅದರ ಅರ್ಥ.

ಮೆಮೊರಿಯ ಅಂಕಿ ಮಾತ್ರ ಜಾಗದ ಲೆಕ್ಕ, ಅದೂ ಡಿಸ್ಕ್‌ನದ್ದಲ್ಲ, ರ‍್ಯಾಮ್‌ನದ್ದು. ಕೆಲಸ ಮಾಡುವ ಮೇಜಿನ ಮೇಲೆ ಎಷ್ಟು ಕಾಗದ ಹರಡಿದೆ ಅಂದ ಹಾಗೆ. 8 ಜಿಬಿ ರ‍್ಯಾಮ್ ಇರುವ ಕಂಪ್ಯೂಟರ್‌ನಲ್ಲಿ ಬ್ರೌಸರ್ ತೆರೆದಿದ್ದರೆ ಅರ್ಧಕ್ಕಿಂತ ಜಾಸ್ತಿ ತೋರಿಸುವುದು ಮಾಮೂಲಿ. ಪರ್ಫಾರ್ಮೆನ್ಸ್ ಟ್ಯಾಬ್‌ನಲ್ಲಿ ಕ್ಯಾಶ್ಡ್ ಅಂತ ಇನ್ನೊಂದು ಅಂಕಿ ಕಾಣುತ್ತದೆ. ಮುಂದೆ ಬೇಕಾದೀತು ಅಂತ ವಿಂಡೋಸ್ ಎತ್ತಿಟ್ಟುಕೊಂಡ ಮಾಹಿತಿ ಅದು, ಬೇರೆ ಪ್ರೋಗ್ರಾಂ ಕೇಳಿದರೆ ಹೆಚ್ಚಿನ ಪಾಲು ಬಿಟ್ಟುಕೊಡುತ್ತದೆ. ನಿಜವಾದ ತೊಂದರೆ ಶುರುವಾಗುವುದು ಮೆಮೊರಿ 90% ದಾಟಿ, ಅದರ ಜೊತೆಗೇ ಡಿಸ್ಕ್ ಅಂಕಿಯೂ ಏರಿದಾಗ. ಮೇಜಿನ ಮೇಲೆ ಜಾಗವಿಲ್ಲದೆ ಕಾಗದಗಳನ್ನು ಕಪಾಟಿಗೆ ಇಡುವುದು, ಮತ್ತೆ ತೆಗೆಯುವುದು ನಡೆಯುತ್ತಿದೆ ಅಂತ ಅರ್ಥ. ಆ ಕಪಾಟಿನ ಹೆಸರು ಪೇಜ್ ಫೈಲ್, ಅದು ಇರುವುದು ಡಿಸ್ಕ್‌ನಲ್ಲಿ.

ಈಗ ಡಿಸ್ಕ್. ಇದನ್ನು ಸ್ವಲ್ಪ ನಿಧಾನವಾಗಿ ಓದಿ, ಜನ ಅತಿ ಹೆಚ್ಚು ತಪ್ಪು ತಿಳಿಯುವುದು ಇದನ್ನೇ. ಇಲ್ಲಿನ 100% ಅಂದರೆ ಆಕ್ಟಿವ್ ಟೈಮ್, ಅಂದರೆ ಡಿಸ್ಕ್‌ಗೆ ಒಂದು ಕ್ಷಣವೂ ಬಿಡುವು ಇರಲಿಲ್ಲ ಅಂತ. ಎಷ್ಟು ಮಾಹಿತಿ ಸಾಗಿತು ಅನ್ನುವುದು ಬೇರೆ ಮಾತು. ಪಕ್ಕದಲ್ಲೇ ನೋಡಿ, 100% ಇದ್ದಾಗಲೂ ಸೆಕೆಂಡಿಗೆ 1 ಎಂಬಿ ಕೂಡ ಸಾಗದೇ ಇರಬಹುದು. ಅದು ಹೇಗೆ ಸಾಧ್ಯ? ಹಳೇ ಮಾದರಿಯ ಹಾರ್ಡ್ ಡಿಸ್ಕ್‌ನಲ್ಲಿ ತಟ್ಟೆಗಳು ತಿರುಗುತ್ತಿರುತ್ತವೆ. ನಿಮಿಷಕ್ಕೆ 7200 ಸುತ್ತು ಅಂದರೆ ಒಂದು ಸುತ್ತಿಗೆ 8 ಮಿಲಿಸೆಕೆಂಡ್‌ಗಿಂತ ಸ್ವಲ್ಪ ಜಾಸ್ತಿ. ಬೇಕಾದ ಮಾಹಿತಿ ಓದುವ ಸೂಜಿಯ (ಹೆಡ್) ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, ಅದಕ್ಕೂ ಮುಂಚೆ ಸೂಜಿ ಸರಿಯಾದ ಸಾಲಿಗೆ ಸರಿಯಬೇಕು. ಹೀಗೆ ಅಲ್ಲೊಂದು ಇಲ್ಲೊಂದು ಚೂರು ಓದಬೇಕಾದರೆ ಸೆಕೆಂಡಿಗೆ ಸುಮಾರು ನೂರು ಸಲ ಓದುವಷ್ಟರಲ್ಲಿ ಅದರ ಶಕ್ತಿ ಮುಗಿಯಿತು. ಒಂದೊಂದು ಚೂರು 4 ಕೆಬಿ ಅಂದರೆ ಒಟ್ಟು 400 ಕೆಬಿ ಅಷ್ಟೇ! ಇಡೀ ದಿನ ಓಡಾಡಿಯೂ ಒಂದೊಂದೇ ಕಾಗದ ತಂದವನ ಕಥೆ ಇದು, ಅಲ್ವಾ? ಎಸ್‌ಎಸ್‌ಡಿ ಅನ್ನುವುದು ಚಿಪ್‌ಗಳಲ್ಲಿ ಮಾಹಿತಿ ಇಡುವ ಹೊಸ ಮಾದರಿಯ ಡಿಸ್ಕ್, ಅದರಲ್ಲಿ ತಿರುಗುವ ಭಾಗವೇ ಇಲ್ಲ, ಅದು ಇಂಥ ಓದುಗಳನ್ನು ಸೆಕೆಂಡಿಗೆ ಸಾವಿರಾರು ಸಲ ಮಾಡುತ್ತದೆ. ಹಾಗಾಗಿ ಡಿಸ್ಕ್ ಸದಾ 100% ಇರುವ ಹಳೇ ಕಂಪ್ಯೂಟರ್‌ಗೆ ಫೈಲ್ ಅಳಿಸುವುದಕ್ಕಿಂತ ಎಸ್‌ಎಸ್‌ಡಿ ಹಾಕಿಸುವುದೇ ಮದ್ದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಜಾಗ ಎಷ್ಟು ಉಳಿದಿದೆ ಅಂತ ತಿಳಿಯಬೇಕಿದ್ದರೆ ದಿಸ್ ಪಿಸಿ ತೆರೆದು ನೋಡಿ.

ನೆಟ್‌ವರ್ಕ್ ಬಗ್ಗೆ ಒಂದೇ ಎಚ್ಚರಿಕೆ. ಅಲ್ಲಿನ ಶೇಕಡಾ ಲೆಕ್ಕ ನಿಮ್ಮ ಕಂಪ್ಯೂಟರ್ ಮತ್ತು ರೂಟರ್ ನಡುವಿನ ಸಂಪರ್ಕದ ವೇಗಕ್ಕೆ ಹೋಲಿಸಿದ್ದು, ನೀವು ಹಣ ಕೊಡುವ ಇಂಟರ್ನೆಟ್ ಪ್ಲಾನ್‌ಗಲ್ಲ. ಆ ಸಂಪರ್ಕ 1000 ಎಂಬಿಪಿಎಸ್ ಇದ್ದು ಪ್ಲಾನ್ 50 ಎಂಬಿಪಿಎಸ್ ಇದ್ದರೆ, ಇಂಟರ್ನೆಟ್ ಪೂರ್ತಿ ಬಳಕೆಯಲ್ಲಿದ್ದಾಗಲೂ ಕಾಣುವುದು 5%.

ನಿಧಾನವಾದಾಗ ಮಾಡಬೇಕಾದದ್ದು ಇಷ್ಟು. ಯಾವ ಕಾಲಮ್ ಏರಿದೆಯೋ ಅದರ ತಲೆಯ ಮೇಲೆ ಕ್ಲಿಕ್ ಮಾಡಿ, ಜಾಸ್ತಿ ಬಳಸುವ ಪ್ರೋಗ್ರಾಂ ಮೇಲಕ್ಕೆ ಬರುತ್ತದೆ. ಕಂಪ್ಯೂಟರ್ ಆನ್ ಮಾಡಿದ ಕೂಡಲೇ ನೋಡಬೇಡಿ, ಆ ಹೊತ್ತಿಗೆ ಅಪ್‌ಡೇಟ್, ಆಂಟಿವೈರಸ್ ಎಲ್ಲಾ ಒಟ್ಟಿಗೆ ಎದ್ದಿರುತ್ತವೆ. ಒಂದೈದು ನಿಮಿಷ ಬಿಡಿ. ಪರ್ಫಾರ್ಮೆನ್ಸ್ ಟ್ಯಾಬ್‌ನ ಗ್ರಾಫ್ ಕಳೆದ 60 ಸೆಕೆಂಡಿನದ್ದು, ಅದರಲ್ಲಿ ಒಂದು ಕ್ಷಣ ಚಿಮ್ಮಿ ಇಳಿದ ಗೆರೆಗೆ ತಲೆ ಕೆಡಿಸಿಕೊಳ್ಳಬೇಡಿ, ಇಳಿಯದೇ ನಿಂತ ಗೆರೆಯನ್ನು ಗಮನಿಸಿ. ಪ್ರೋಗ್ರಾಂ ನಿಲ್ಲಿಸುವ ಎಂಡ್ ಟಾಸ್ಕ್ ಬಟನ್ ಒತ್ತುವ ಮುಂಚೆ ಆ ಪ್ರೋಗ್ರಾಂನಲ್ಲಿ ಸೇವ್ ಆಗದ ಕೆಲಸ ಇದೆಯಾ ಅಂತ ಯೋಚಿಸಿ, ಇದ್ದರೆ ಅದು ಹೋದಂತೆಯೇ. ವಿಂಡೋಸ್‌ನ ಸ್ವಂತ ಪ್ರೋಸೆಸ್‌ಗಳನ್ನು ಮಾತ್ರ ಮುಟ್ಟಬೇಡಿ. ಇನ್ನು, ಎಲ್ಲಾ ಚೆನ್ನಾಗಿ ಓಡುತ್ತಿರುವ ಒಂದು ದಿನ ಈ ನಾಲ್ಕು ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದಿಡಿ, ಮುಂದೆ ನಿಧಾನವಾದಾಗ ಹೋಲಿಸಿ ನೋಡಲು ನಿಮ್ಮದೇ ಯಂತ್ರದ ಲೆಕ್ಕ ಕೈಯಲ್ಲಿರುತ್ತದೆ.